ಆರು ತಿಂಗಳು ಎಲ್ಲಿರ್ತೀರಿ?

ಜನವರಿ ತಿಂಗಳು, ರೋಬಸ್ಟಾ ಕಾಫಿ ಕುಯ್ಲಿನ ಹೊತ್ತು. ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ತೋಟಕ್ಕೆ ನಾವಿಬ್ಬರು ಕುಟುಂಬಗಳ ಸರ್ವೆಗೆ ಹೋಗಿದ್ದೆವು. ವಿಶ್ವವಿದ್ಯಾಲಯದ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆಗೆ ಸೇರಿದ ಮೇಲೆ ಅದು ನನ್ನ ಮೊದಲ ಫೀಲ್ಡ್‌ವರ್ಕ್.

ಬೆಳಿಗ್ಗೆ 10ಕ್ಕೆ ಹೋದರೆ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿ ಒಬ್ಬ ಅಜ್ಜಿ, ಎರಡು ಮಕ್ಕಳು ಅಷ್ಟೇ. ಉಳಿದವರೆಲ್ಲ ತೋಟದಲ್ಲಿದ್ದರು. ಕುಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ. ಆ ಹೊತ್ತಲ್ಲಿ ಅವರನ್ನು ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವರ ದುಡ್ಡು ಹೋಗುತ್ತದೆ, ಅಲ್ವಾ? ಸಂಜೆಯವರೆಗೆ ಕಾದೆವು. ಚೀಲಗಳನ್ನು ಒಂದೊಂದಾಗಿ ತೂಗಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಎಲ್ಲರೂ ಮನೆ ಕಡೆ ಬಂದರು.

ನಮ್ಮ ಸರ್ವೆಗೆ ಎರಡು ನಿಯಮ. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಕುಟುಂಬ. ವರ್ಷದಲ್ಲಿ 6 ತಿಂಗಳಾದರೂ ಅಲ್ಲಿ ಇರುವವರನ್ನು ಮಾತ್ರ ಬರೆದುಕೊಳ್ಳಬೇಕು. ಟ್ರೈನಿಂಗ್‌ನಲ್ಲಿ ಇದು ಎಷ್ಟು ಸಲೀಸಾಗಿ ಅರ್ಥವಾಗಿತ್ತು!

ಕೊನೆಯ ಬಾಗಿಲಲ್ಲಿ ಪಣಿ ಎರವರೆಂಬ ಆದಿವಾಸಿ ಸಮುದಾಯದ ಒಬ್ಬ ಹೆಂಗಸು ಸಿಕ್ಕರು. ಕೈ ತೊಳೆದಿದ್ದರೂ ಹಣ್ಣಿನ ಅಂಟು ಕಪ್ಪಾಗಿ ಬೆರಳ ಸಂದಿಯಲ್ಲಿ ಉಳಿದಿತ್ತು.

"ಅಕ್ಕಾ, ವರ್ಷದಲ್ಲಿ 6 ತಿಂಗಳು ಇಲ್ಲೇ ಇರ್ತೀರಾ?"

ಅವರು ಅದೇ ಬೆರಳುಗಳನ್ನು ಮಡಚುತ್ತಾ ಎಣಿಸಿದರು. ಕಾಫಿ ಮುಗಿಯುವ ತನಕ ಇಲ್ಲಿ, ಮೂರು ತಿಂಗಳು. ಆಮೇಲೆ ಕರಿಮೆಣಸಿಗೆ ಗೋಣಿಕೊಪ್ಪ ಕಡೆಯ ಇನ್ನೊಂದು ತೋಟ. ಮಳೆಗಾಲಕ್ಕೆ ನಾಗರಹೊಳೆ ಕಾಡಂಚಿನಲ್ಲಿರುವ ಅಮ್ಮನ ಹಾಡಿ, ಅಂದರೆ ಆದಿವಾಸಿಗಳ ಪುಟ್ಟ ಊರು. ಅದು ಮುಗಿದರೆ ಕರೆದ ಕಡೆಗೆ.

"ಆರು ತಿಂಗಳು ಎಲ್ಲೂ ಇಲ್ಲ ಮೇಡಂ" ಅಂದರು.

ನನ್ನ ಪೆನ್ನು ಅಲ್ಲೇ ನಿಂತಿತು. ನಿಯಮದ ಪ್ರಕಾರ ಅವರನ್ನು ಇಲ್ಲಿ ಬರೆಯುವಂತಿಲ್ಲ. ಗೋಣಿಕೊಪ್ಪದಲ್ಲೂ ಇಲ್ಲ, ಹಾಡಿಯಲ್ಲೂ ಇಲ್ಲ. 2016ರ ಡಿಸೆಂಬರಿನಲ್ಲಿ ಇದೇ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲೂ ಲೈನ್‌ಮನೆ ಬಿಟ್ಟು ಬಂದ ಆದಿವಾಸಿಗಳಿದ್ದರು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ಈ ಅಕ್ಕ ಸೇರಿದ್ದರಾ ಎಂದು ಆ ಅಂಗಳದಲ್ಲೇ ನಿಂತು ಯೋಚಿಸಿದೆ.

ಇನ್ನೊಂದು ನೆನಪಾಗಿ ಹೊಟ್ಟೆ ತೊಳಸಿದಂತಾಯಿತು. ಅದೇ ಸಂಜೆ "ಆರು ತಿಂಗಳಿಲ್ಲ" ಎಂದು ಐದು ಮನೆಗಳನ್ನು ನಾನು ಸುಮ್ನೆ ದಾಟಿ ಬಂದಿದ್ದೆ.

ರಾತ್ರಿ ವಿರಾಜಪೇಟೆಯ ಲಾಡ್ಜ್‌ನಿಂದ ನಮ್ಮ ಪ್ರೊಫೆಸರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಯಾರನ್ನೂ ಬಿಡಬೇಡ. ಎಲ್ಲೆಲ್ಲಿ ಎಷ್ಟು ತಿಂಗಳು ಅಂತ ಪಕ್ಕದಲ್ಲೇ ಬರೆದುಕೋ. ಅದಕ್ಕೊಂದು ಕೋಡ್ ಆಮೇಲೆ ಮಾಡೋಣ" ಅಂದರು. ಮಲಗುವ ಮುಂಚೆ ಉಳಿದ ಪ್ರಶ್ನಾವಳಿಗಳಿಗೆಲ್ಲ ಸ್ಕೇಲ್ ಇಟ್ಟು ಹನ್ನೆರಡು ತಿಂಗಳ ಗೆರೆ ಹಾಕಿದೆವು.

ಮರುದಿನ ಕೆಲಸಕ್ಕೆ ಹಾಜರಿ 8ಕ್ಕೆ. ನಾವು ಆರೂವರೆಗೇ ಆ ಐದು ಬಾಗಿಲುಗಳ ಮುಂದಿದ್ದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಮೊದಲ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದವರು ಒಳಗೆ ಬನ್ನಿ ಎಂದು ಮಣೆ ಹಾಕಿದರು.