ಬೇಡ ಅಂದವರನ್ನು ಟೇಬಲ್‌ನಲ್ಲಿ ಬರೆದಿಡುವುದು

ಯುಗಾದಿಯ ಹಿಂದಿನ ದಿನ ನಮ್ಮ ಆ್ಯಪ್‌ನಿಂದ ಹಬ್ಬದ ರಿಯಾಯಿತಿಯ ಎಸ್‌ಎಂಎಸ್ ಹೋಗಿತ್ತು. ಅದು ಹೊಸ ಬಗೆಯ ಮೆಸೇಜ್. ಬೆಳಿಗ್ಗೆ ಆಫೀಸಿಗೆ ಹೋಗುತ್ತಿದ್ದಂತೆ ಸಪೋರ್ಟ್ ತಂಡದ ಗೆಳತಿ ದೂರುಗಳನ್ನು ತೋರಿಸಿದಳು. ಆಫರ್‌ಗಳು ಬೇಡ ಅಂತ ಎಲ್ಲವನ್ನೂ ಆಫ್ ಮಾಡಿಟ್ಟವರಿಗೂ ಮೆಸೇಜ್ ಹೋಗಿತ್ತು. ಅವರಿಗೆ ಸಿಟ್ಟು ಬರುವುದು ಸಹಜ ಅಲ್ವಾ? ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದರು.

ಕಾರಣ ಬೇಗ ಸಿಕ್ಕಿತು. ಡೇಟಾಬೇಸ್‌ನ ಬಳಕೆದಾರರ ಟೇಬಲ್‌ನಲ್ಲಿ ಪ್ರತಿ ಬಗೆಯ ನೋಟಿಫಿಕೇಶನ್‌ಗೂ ಒಂದೊಂದು ಬೂಲಿಯನ್ (ಟ್ರೂ ಅಂದರೆ ಬೇಕು, ಫಾಲ್ಸ್ ಅಂದರೆ ಬೇಡ) ಕಾಲಂ ಇತ್ತು. ಹೊಸ ಬಗೆ ಬಂತು, ಹೊಸ ಕಾಲಂ ಸೇರಿತು, ಡಿಫಾಲ್ಟ್ ಟ್ರೂ, ಅಂದರೆ ಏನೂ ಹೇಳದಿದ್ದರೆ ಬೇಕು ಅಂತಲೇ ಲೆಕ್ಕ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. 2018ರಲ್ಲಿ ಬಂದ ಅದರ 11ನೇ ಆವೃತ್ತಿಯಿಂದ ಈಚೆಗೆ ಎಷ್ಟೇ ದೊಡ್ಡ ಟೇಬಲ್ ಆಗಲಿ, ಹೀಗೆ ಕಾಲಂ ಸೇರಿಸಲು ಕ್ಷಣ ಸಾಕು. ಹಳೆಯ ಸಾಲುಗಳನ್ನು ಅದು ಮತ್ತೆ ಬರೆಯುವುದಿಲ್ಲ. ಆದರೆ ಆ ಟ್ರೂ ಬಳಕೆದಾರರು ಹೇಳಿದ್ದಲ್ಲ, ನಾವೇ ತುಂಬಿದ್ದು. ಕಾಲಂ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಮಧ್ಯಾಹ್ನ ನಮ್ಮ ಟೀಮಿನ ಹಿರಿಯರ ಜೊತೆ ಬೋರ್ಡ್ ಮುಂದೆ ಕೂತೆವು. ಅವರು ಹೇಳಿದ್ದು ಇಷ್ಟೇ: "ಇವರು ಹೂಂ ಅಂದಿದ್ದಾರಾ, ಬೇಡ ಅಂದಿದ್ದಾರಾ, ಏನೂ ಹೇಳಿಲ್ವಾ? ಮೂರೂ ಬೇರೆ ಬೇರೆ ಗೊತ್ತಾಗ್ಬೇಕು."

ಎಲ್ಲವನ್ನೂ ಒಂದೇ ಜೇಸನ್‌ಬಿ ಕಾಲಂಗೆ (ಕೀ ಎಂಬ ಹೆಸರು ಮತ್ತು ಅದರ ಮೌಲ್ಯದ ಜೋಡಿಗಳನ್ನು ಒಟ್ಟಿಗೆ ಇಡುವ ಕಾಲಂ) ಹಾಕೋಣ ಎಂಬ ಸಲಹೆ ಬಂತು. ಸೆಟ್ಟಿಂಗ್ಸ್ ಪುಟಕ್ಕೆ ಅದು ಸಲೀಸು. ಜಿನ್ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಹಾಕಿ ಹುಡುಕಲೂಬಹುದು. ಆದರೆ ಕೀ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಡೇಟಾಬೇಸ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಪ್ರತ್ಯೇಕ ಟೇಬಲ್ ಆದರೆ ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇರುವ ಹೆಸರನ್ನಷ್ಟೇ ಒಪ್ಪುವ ನಿಯಮ) ಅದನ್ನು ಬಾಗಿಲಲ್ಲೇ ತಡೆಯುತ್ತದೆ. ನನಗೆ ಅದೇ ಸರಿ ಅನ್ನಿಸಿತು.

ಹಾಗಾಗಿ ಹೊಸ ಟೇಬಲ್ ಮಾಡಿದೆವು. ಅದರಲ್ಲಿ ಬಳಕೆದಾರರ ಐಡಿ, ವರ್ಗ (ಒಂದೇ ಥರದ ಬಗೆಗಳ ಗುಂಪು), ಚಾನೆಲ್ (ಎಸ್‌ಎಂಎಸ್‌ನಂಥ ದಾರಿ), ಒಪ್ಪಿಗೆ, ಬದಲಾದ ಸಮಯ. ಮೊದಲ ಮೂರು ಸೇರಿ ಪ್ರೈಮರಿ ಕೀ, ಅಂದರೆ ಆ ಮೂರೂ ಒಂದೇ ಆಗಿರುವ ಎರಡು ಸಾಲು ಇರಲಾರವು. ಬಳಕೆದಾರರು ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಸಾಲು. ಡಿಫಾಲ್ಟ್‌ನಂತೆಯೇ "ಹೂಂ" ಅಂದಿದ್ದರೂ ಅದನ್ನು ಬರೆದಿಡಬೇಕು, ಏಕೆಂದರೆ ನಾಳೆ ಡಿಫಾಲ್ಟ್ ಬದಲಾಗಬಹುದು. ಸಾಲೇ ಇಲ್ಲದಿದ್ದರೆ ಅವರು ಏನೂ ಹೇಳಿಲ್ಲ ಎಂದರ್ಥ. ಜಾಗವೂ ಉಳಿಯುತ್ತದೆ. 20 ಲಕ್ಷ ಜನ, 12 ವರ್ಗ, 3 ಚಾನೆಲ್ ಅಂದರೆ ಎಲ್ಲವನ್ನೂ ತುಂಬಿದರೆ 7.2 ಕೋಟಿ ಸಾಲು. ಸೆಟ್ಟಿಂಗ್ಸ್ ಮುಟ್ಟುವವರು ಅದರಲ್ಲಿ ಸ್ವಲ್ಪ ಜನ ಮಾತ್ರ.

ಒಂದೊಂದು ಬಗೆಯ ಬದಲು ವರ್ಗ ಇಟ್ಟಿದ್ದೇ ಆ ದಿನದ ಮುಖ್ಯ ತೀರ್ಮಾನ. ಬೇಡದ ಪ್ರಚಾರದ ಕರೆ, ಮೆಸೇಜ್‌ಗಳನ್ನು ತಡೆಯುವ ನಮ್ಮ ದೇಶದ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ವ್ಯವಸ್ಥೆಯಲ್ಲಿ 1909ಕ್ಕೆ ಹೇಳುವಾಗಲೂ ಬ್ಯಾಂಕಿಂಗ್, ರಿಯಲ್ ಎಸ್ಟೇಟ್ ಅಂತ ವರ್ಗವನ್ನೇ ಆರಿಸುತ್ತೇವೆ. ನಾಳೆ ಇನ್ನೊಂದು ಬಿಲ್ಡರ್ ಕಂಪನಿ ಹುಟ್ಟಿದರೆ ಮತ್ತೆ ಬೇಡ ಅನ್ನಬೇಕಾಗಿಲ್ಲ. ಹಾಗೆಯೇ "ಆಫರ್" ವರ್ಗಕ್ಕೆ ಬೇಡ ಅಂದವರಿಗೆ ಮುಂದೆ ಯಾವ ಹಬ್ಬದ ಮೆಸೇಜೂ ಹೋಗಬಾರದು. ಒಟಿಪಿಯನ್ನು ಈ ಟೇಬಲ್‌ಗೆ ತರಲೇ ಇಲ್ಲ. ಅದು ಇಷ್ಟಾನಿಷ್ಟದ ವಿಷಯವಲ್ಲ.

ಆಮೇಲೆ ಇಂಡೆಕ್ಸ್. ಹಿಂದೆ ಯಾರೋ ಬೂಲಿಯನ್ ಕಾಲಂಗಳಿಗೆಲ್ಲ ಇಂಡೆಕ್ಸ್ ಹಾಕಿದ್ದರು. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹೇಗೆ ನಡೆಯುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಓಡಿಸಿ ನೋಡಿದರೆ, ದಾರಿ ಆರಿಸುವ ಪ್ಲಾನರ್ ಅವನ್ನು ಮುಟ್ಟದೆ ಇಡೀ ಟೇಬಲ್ ಓದುತ್ತಿತ್ತು. ಅದು ಮಾಡಿದ್ದೇ ಸರಿ. ಹೆಚ್ಚುಕಡಿಮೆ ಎಲ್ಲರದೂ ಟ್ರೂ ಇರುವಾಗ ಇಂಡೆಕ್ಸ್ ಹಿಡಿದು ಓಡಾಡುವುದೇ ಜಾಸ್ತಿ ಕೆಲಸ.

ಹೊಸ ಟೇಬಲ್‌ಗೆ ಎರಡು ಬಗೆಯ ಪ್ರಶ್ನೆ ಬರುತ್ತವೆ. ಈ ವ್ಯಕ್ತಿ ಏನೇನು ಹೇಳಿದ್ದಾರೆ ಎಂಬುದಕ್ಕೆ ಪ್ರೈಮರಿ ಕೀ ಸಾಕು, ಬಳಕೆದಾರರ ಐಡಿ ಅದರಲ್ಲಿ ಮೊದಲೇ ಇದೆ. ಈ ವರ್ಗವನ್ನು ಎಸ್‌ಎಂಎಸ್‌ನಲ್ಲಿ ಯಾರೆಲ್ಲ ಬೇಡ ಅಂದಿದ್ದಾರೆ ಎಂಬುದಕ್ಕೆ ಅದು ಅಷ್ಟಾಗಿ ನೆರವಾಗದು. ಅದಕ್ಕೆ ವರ್ಗ, ಚಾನೆಲ್, ಐಡಿ ಈ ಕ್ರಮದಲ್ಲಿ ಪಾರ್ಶಿಯಲ್ ಇಂಡೆಕ್ಸ್ ಹಾಕಿದೆವು. ಒಪ್ಪಿಗೆ ಫಾಲ್ಸ್ ಇರುವ ಸಾಲುಗಳು ಮಾತ್ರ ಅದರೊಳಗೆ. ಕ್ಯಾಂಪೇನ್ ಪಟ್ಟಿ ಮಾಡುವ ಕ್ವೆರಿ ನಾಟ್ ಎಕ್ಸಿಸ್ಟ್ಸ್ (ಅಂಥ ಸಾಲು ಇಲ್ಲದಿದ್ದರೆ ಮಾತ್ರ ಎಂಬ ಷರತ್ತು) ಮೂಲಕ ಇವರನ್ನು ಹೊರಗಿಡುತ್ತದೆ.

ಕಷ್ಟವಾಗಿದ್ದು ಹಳೆಯ ಡೇಟಾ. ಫಾಲ್ಸ್ ಇದ್ದವರು ಬೇಡ ಅಂದಿದ್ದು ಖಚಿತ. ಟ್ರೂ ಇದ್ದವರ ಬಗ್ಗೆ ಏನೂ ಹೇಳಲಾಗದು, ಅವರಿಗೆ ಸಾಲು ಬೇಡ ಅಂದೆವು. ಆದರೆ ಮೂರು ಬಗೆಯ ಆಫರ್‌ಗಳಲ್ಲಿ ಒಂದನ್ನು ಮಾತ್ರ ಆಫ್ ಮಾಡಿದವರು? ಸಪೋರ್ಟ್‌ನ ಗೆಳತಿ ಗಟ್ಟಿಯಾಗಿ ಹೇಳಿದಳು: "ಇಡೀ ವರ್ಗ ಬೇಡ ಅಂತಲೇ ತಗೊಳ್ಳಿ. ಬೇಕಾದ್ರೆ ಅವರೇ ಆನ್ ಮಾಡ್ಕೊಳ್ತಾರೆ." ಪಟ್ಟಿ ಚಿಕ್ಕದಾಗುತ್ತದೆ ಅಂತ ಮಾರ್ಕೆಟಿಂಗ್‌ನವರು ಬೇಸರಪಟ್ಟರು. ನಾನು ಅವಳ ಪರ ನಿಂತೆ. ಮುಂದಿನ ಕ್ಯಾಂಪೇನ್ ಆ ಚಿಕ್ಕ ಪಟ್ಟಿಗೇ ಹೋಯಿತು.