ಪ್ರಾಟೆಸ್ಟೆಂಟ್ ಅಯ್ಯನವರು ಸಂತನ ಸಮಾಧಿಗೆ ನಡೆದದ್ದೇಕೆ?

ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿಯಿದೆ ಎನ್ನುವ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾಗೆ ನಡೆದು ಹೋಗಿ ಬಂದಾಗಿನಿಂದ ನನಗೆ ಎಲ್ಲಿ ಹೋದರೂ ಇದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಸಭಾ ಸಮಿತಿಯ ಕೂಟ ಮುಗಿದ ಮೇಲೆ ಕೇಳುತ್ತಾರೆ. "ಅಯ್ಯನವರೇ, ನೀವು ಸಿಎಸ್‌ಐ ಸಭಾಪಾಲಕರು, ಪ್ರಾಟೆಸ್ಟೆಂಟರು. ಸಂತರಿಗೆ ಹರಕೆ ಹೊರುವವರಲ್ಲ. ಮತ್ತೆ ಸಂತನ ಸಮಾಧಿಗೆ ಅಷ್ಟು ದೂರ ನಡೆದದ್ದೇಕೆ?" ಪಕ್ಕದ ಬೀದಿಯ ಕಥೋಲಿಕ ಫಾದರ್ ಕೂಡ ಕೇಳಿದ್ದಾರೆ. ಅವರು ಕೇಳುವಾಗ ಮಾತ್ರ ತುಟಿಯಂಚಿನಲ್ಲಿ ನಗು ಇರುತ್ತದೆ.

ಐದುನೂರು ವರ್ಷಗಳ ಹಿಂದೆಯೇ ನಮ್ಮ ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಈ ಯಾತ್ರೆಯನ್ನು ಗೇಲಿ ಮಾಡಿದ್ದ. ಅಲ್ಲಿ ಹೂತಿರುವುದು ಯಾಕೋಬನೋ, ಸತ್ತ ನಾಯಿಯೋ, ಕುದುರೆಯೋ ಯಾರಿಗೆ ಗೊತ್ತು, ಸುಮ್ಮನೆ ಮನೆಯಲ್ಲಿರಿ ಎಂಬುದು ಅವನ ಮಾತಿನ ತಾತ್ಪರ್ಯ. ಎಲುಬುಗಳ ಮಟ್ಟಿಗೆ ನಾನೂ ಲೂಥರನ ಪಕ್ಷವೇ. ಅಪೊಸ್ತಲ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದನೆಂದು ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿದೆ. ಶವ ಸ್ಪೇನಿಗೆ ಹೋದ ಸುದ್ದಿ ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. 1589ರಲ್ಲಿ ಇಂಗ್ಲಿಷರ ದಾಳಿಗೆ ಹೆದರಿ ಎಲುಬುಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ಜಾಗವೇ ಮರೆತುಹೋಯಿತು. 1879ರಲ್ಲಿ ಅಗೆದಾಗ ಸಿಕ್ಕವನ್ನು ಇವೇ ಅವು ಎಂದು ಪೋಪ್ ಹದಿಮೂರನೆಯ ಲಿಯೋ 1884ರಲ್ಲಿ ಒಪ್ಪಿದರು. ನಾನು ಒಪ್ಪಲೇಬೇಕಾದ ಒತ್ತಾಯವೇನೂ ಇಲ್ಲ.

ಇದಕ್ಕಿಂತ ಹೆಚ್ಚು ಕಿರಿಕಿರಿ ಮಾಡಿದ್ದು ಬೇರೊಂದು. ಆ ದಾರಿಯ ಹಲವು ಚರ್ಚುಗಳಲ್ಲಿ ಯಾಕೋಬನು ಬಿಳಿ ಕುದುರೆಯೇರಿ, ಕತ್ತಿ ಹಿರಿದು ಮುಸ್ಲಿಮರನ್ನು ತುಳಿಯುತ್ತಿರುತ್ತಾನೆ. ಸಾಂತಿಯಾಗೊದ ಮಹಾದೇವಾಲಯದಲ್ಲೂ ಅಂಥ ಪ್ರತಿಮೆಯಿದೆ. ಕಾಲಡಿಗೆ ಸಿಕ್ಕವರು ಕಾಣದಂತೆ ಬುಡಕ್ಕೆ ಹೂವು ಜೋಡಿಸಿರುತ್ತಾರೆ. ಗಲಿಲಾಯದ ಬೆಸ್ತನಾಗಿದ್ದ ಯಾಕೋಬನ ಕೈಗೆ ಕತ್ತಿ ಕೊಟ್ಟವರ ಮೇಲೆ ನನಗೆ ಸಿಟ್ಟಿದೆ. ಹೂವಿನ ಮೇಲೂ.

ಹಾಗಾದರೆ ಹೋದದ್ದೇಕೆ? ನಡೆಯುವುದಕ್ಕಾಗಿಯೇ. 120ರಿಂದ 134ರವರೆಗಿನ ಕೀರ್ತನೆಗಳು ಯಾತ್ರಾಗೀತೆಗಳು. ಯೆರೂಸಲೇಮಿಗೆ ಬೆಟ್ಟ ಹತ್ತಿ ಹೋಗುವವರ ಹಾಡುಗಳೆನ್ನುವ ಅವುಗಳ ಮೇಲೆ ನಾನು ವರ್ಷಗಟ್ಟಲೆ ಪ್ರಸಂಗ ಮಾಡಿದ್ದೇನೆ, ಫ್ಯಾನಿನ ಕೆಳಗೆ ನಿಂತು. ನಮ್ಮ ನೆರೆಹೊರೆಯವರು ನಡೆಯುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ಹೋಗುತ್ತಾರೆ. ಬೆಂಗಳೂರಿನ ಕಥೋಲಿಕರು ವೇಲಾಂಕಣಿಯವರೆಗೂ ನಡೆಯುತ್ತಾರೆ. ನಾವು ಪ್ರಾಟೆಸ್ಟೆಂಟರು ಕುಳಿತು ಕೇಳುವವರು. ನಮ್ಮ ಭಕ್ತಿಗೆ ಕಿವಿ ಚುರುಕು, ಕಾಲು ಜಡ.

ಫ್ರಾನ್ಸಿನ ಗಡಿಯೂರಿನಿಂದ ಪಿರನೀಸ್ ಬೆಟ್ಟ ಹತ್ತಿ ಇಳಿದು ಸಾಂತಿಯಾಗೊ ಸೇರುವ ಹಾದಿ ಸುಮಾರು 780 ಕಿಲೋಮೀಟರ್. ಅಷ್ಟು ದೂರಕ್ಕೂ ನಕ್ಷೆ ಬಿಚ್ಚುವ ಅಗತ್ಯವಿಲ್ಲ. ಕಲ್ಲು, ಗೋಡೆ, ವಿದ್ಯುತ್ ಕಂಬ, ಕೊಟ್ಟಿಗೆಯ ಬಾಗಿಲು, ಎಲ್ಲೆಂದರಲ್ಲಿ ಹಳದಿ ಬಾಣದ ಗುರುತು. ಅದನ್ನು ಮೊದಲು ಬಳಿದವರು ಓ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ, ಎಲಿಯಾಸ್ ವಲಿನ್ಯಾ. 1980ರ ದಶಕದಲ್ಲಿ, ಈ ಹಾದಿಯಲ್ಲಿ ನಡೆಯುವವರೇ ಅಪರೂಪವಾಗಿದ್ದಾಗ, ಅವರು ಬಣ್ಣದ ಡಬ್ಬಿ ಹಿಡಿದು ಹೊರಟರು. 1989ರಲ್ಲಿ ತೀರಿಕೊಂಡರು. ಈಗ ಅದೇ ಬಾಣಗಳನ್ನು ನಂಬಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸಾಂತಿಯಾಗೊ ತಲುಪುತ್ತಾರೆ, ಅವರಲ್ಲಿ ದೇವರನ್ನು ನಂಬದವರೂ ಧಾರಾಳವಾಗಿ ಇದ್ದಾರೆ. ಬಾಣ ಯಾರನ್ನೂ ನೀನು ಯಾವ ಸಭೆ ಎಂದು ಕೇಳುವುದಿಲ್ಲ. ಆ ಯಾತ್ರೆಯಲ್ಲಿ ನಾನು ಮನಸಾರೆ ಕೈ ಮುಗಿದದ್ದು ಆ ಪಾದ್ರಿಗೆ. ದಾರಿ ತೋರಿಸುವುದು, ನನ್ನ ಕೆಲಸವೂ ಅದೇ ತಾನೇ.

ಇನ್ನೊಂದು ಸಂಜೆಯ ಮಾತು. ಪಿಸುಎರ್ಗಾ ನದಿಯ ಸೇತುವೆಯ ಬಳಿ ಸಂತ ನಿಕೊಲಾಸನ ಹೆಸರಿನ ಹಳೆಯ ಛತ್ರವಿದೆ, ಇಟಲಿಯ ಸಹೋದರ ಸಂಘವೊಂದು ನಡೆಸುವುದು. ಒಳಗೆ ವಿದ್ಯುತ್ ಇಲ್ಲ, ಮೇಣದ ಬತ್ತಿಯ ಬೆಳಕು. ಊಟಕ್ಕೆ ಮೊದಲು ಯಾತ್ರಿಕರನ್ನು ಸಾಲಾಗಿ ಕೂರಿಸಿ ಕಾಲು ತೊಳೆಯುತ್ತಾರೆ. ನಮ್ಮ ಸಭೆಯಲ್ಲಿ ಪವಿತ್ರ ಗುರುವಾರ ನಾನೂ ತೊಳೆಯುತ್ತೇನೆ. ಆದರೆ ನಮ್ಮವರು ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡು, ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ. ಇಲ್ಲಿ ನನ್ನ ಹಿಮ್ಮಡಿಯಲ್ಲಿ ಒಡೆದ ಬೊಬ್ಬೆ, ಅರ್ಧ ಕಿತ್ತುಬಂದ ಪ್ಲಾಸ್ಟರು, ಅದಕ್ಕೆ ಅಂಟಿದ ಕಾಲುಚೀಲದ ನೂಲು. ತಲೆ ನರೆತ ಸ್ವಯಂಸೇವಕರು ಮಂಡಿಯೂರಿ ಆ ಕಾಲನ್ನು ಅಂಗೈಯಲ್ಲಿ ಹಿಡಿದು, ಹೂಜಿಯಿಂದ ನೀರು ಹೊಯ್ದು, ಒರೆಸಿ ಮುತ್ತಿಟ್ಟರು. ನಾನು ಕಾಲನ್ನು ಹಿಂದಕ್ಕೆಳೆದುಕೊಳ್ಳುವುದರಲ್ಲಿದ್ದೆ, ಅವರು ಬಿಡಲಿಲ್ಲ. ಯೇಸು ಕಾಲು ತೊಳೆಯಲು ಬಂದಾಗ ಬೇಡವೆಂದ ಪೇತ್ರನದು ವಿನಯವಲ್ಲ, ಬರೀ ನಾಚಿಕೆ ಎಂಬುದು ಈಗ ನನ್ನ ಅಭಿಪ್ರಾಯ. ತೊಳೆಯುವುದು ಸುಲಭ. ತೊಳೆಸಿಕೊಳ್ಳಲು ಕುಳಿತು ನೋಡಿ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. "ಅದೆಲ್ಲ ಸರಿ, ಕೊನೆಗೆ ಸಮಾಧಿಯ ಮುಂದೆ ಏನು ಮಾಡಿದಿರಿ?" ಮಹಾದೇವಾಲಯದಲ್ಲಿ ಪೀಠದ ಹಿಂದಿನಿಂದ ಮೆಟ್ಟಿಲು ಹತ್ತಿ ಯಾಕೋಬನ ಪ್ರತಿಮೆಯನ್ನು ತಬ್ಬಿಕೊಳ್ಳುವ ರೂಢಿಯಿದೆ. ನಾನು ಆ ಸಾಲಿಗೆ ಹೋಗಲಿಲ್ಲ. ಕೆಳಗಿನ ನೆಲಮಾಳಿಗೆಗೆ ಇಳಿದು, ಸರಳಿನಾಚೆಗಿದ್ದ ಬೆಳ್ಳಿಯ ಪೆಟ್ಟಿಗೆಯನ್ನು ನೋಡಿದೆ. ಅದರೊಳಗೆ ಯಾರೇ ಇರಲಿ, ಯೇಸುವಿಗಾಗಿ ಪ್ರಾಣ ಕೊಟ್ಟ ಯಾಕೋಬನಿಗಾಗಿ ದೇವರಿಗೆ ಸ್ತೋತ್ರ ಹೇಳಿದೆ. ಹಿಂದಿನವರು ನೂಕುತ್ತಿದ್ದರು, ಹೊರಗೆ ಬಂದೆ.