ಬಾಗಿಲು ತೆರೆದಿದ್ದ ಆಂಬುಲೆನ್ಸ್

ನಿನ್ನೆ ಜಾತ್ರೆಯಲ್ಲಿ ತೇರಿನ ಬೀದಿ ಪಕ್ಕ ಆಂಬುಲೆನ್ಸ್ ನಿಂತಿತ್ತು. ಸಿಬ್ಬಂದಿ ಸ್ಟ್ರೆಚರ್ ಹಿಡಿದು ಜನರ ಮಧ್ಯೆ ಓಡಿದ್ದರು. ಅಷ್ಟರಲ್ಲಿ ಇಬ್ಬರು ಹುಡುಗರು ಒಳಗೆ ಹತ್ತಿ, ಆಕ್ಸಿಜನ್ ಸಿಲಿಂಡರ್ ಪಕ್ಕ ಸೆಲ್ಫಿ ತೆಗೆಯುತ್ತಿದ್ದರು. "ಇಳೀರಪ್ಪಾ, ಈಗ ಪೇಷಂಟ್ ಬರ್ತಾರೆ" ಅಂದೆ. "ಸುಮ್ನೆ ನೋಡ್ತಿದ್ವಿ ಅಣ್ಣಾ" ಅಂತ ಇಳಿದರು.

ಮೋಟಾರು ವಾಹನ ಕಾಯ್ದೆಯ 198ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣವಿಲ್ಲದೆ ನಿಂತ ವಾಹನದೊಳಗೆ ಹೋಗುವುದೇ ತಪ್ಪು. 2019ರ ತಿದ್ದುಪಡಿಯಲ್ಲಿ ಇದರ ದಂಡ 100ರಿಂದ 1,000 ರೂಪಾಯಿಗೆ ಏರಿತು. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಮಾತ್ರ 10,000. ಈ ಲೆಕ್ಕ ನನಗೆ ಸರಿ ಕಾಣಲಿಲ್ಲ. ಒಂದು ವಾಲ್ವ್ ತಿರುಗಿದರೂ ಒಳಗೆ ಮಲಗುವವರ ಉಸಿರಿಗೇ ಕುತ್ತು ಅಲ್ವಾ?

ಸ್ವಲ್ಪ ಹೊತ್ತಿಗೆ ಸ್ಟ್ರೆಚರ್ ಮೇಲೆ ಒಬ್ಬರು ಅಜ್ಜಿ ಬಂದರು. ಆ ಹುಡುಗರೇ ಜನರನ್ನು ಸರಿಸಿ, ಬಾಗಿಲು ಹಿಡಿದು ನಿಂತರು.